"ಅದು ನನ್ನ ಗಿಡ ಅಲ್ಲ, ಅಪ್ಪನ ಗಿಡ"

(ಕುಟುಂಬದ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಾಯಿಸಿದ್ದೇನೆ.)

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. 13 ವರ್ಷದ ಮಗಳು, 7 ವರ್ಷದ ಮಗ. ಮನೆಯಲ್ಲಿ ಮಾತೇ ಇಲ್ಲ, ಎಲ್ಲರ ಕೈಯಲ್ಲೂ ಫೋನ್ ಅನ್ನುವುದು ದೂರು. ಇವರು ಸಲಹೆ ಕೇಳಿಕೊಂಡು ನನ್ನ ಹತ್ತಿರ ಬರುವ ಮೊದಲೇ ಒಂದು ದಾರಿ ಹುಡುಕಿದ್ದರು. ಕುಂಡ, ಮಣ್ಣು, ಬೀಜ ಎಲ್ಲ ತಂದು, ಭಾನುವಾರ ಬೆಳಿಗ್ಗೆ ಮನೆಮಂದಿಯೆಲ್ಲ ಗಾರ್ಡನಿಂಗ್ ಮಾಡಬೇಕು ಅಂತ ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ್ದರು. ಕೆಲವೇ ವಾರದಲ್ಲಿ ಅದು ಜಗಳಕ್ಕೆ ತಿರುಗಿತು.

"ಇಷ್ಟೆಲ್ಲಾ ಮಾಡಿದ್ರೂ ಮಕ್ಕಳಿಗೆ ಆಸಕ್ತಿನೇ ಇಲ್ಲ" ಅಂದರು ತಾಯಿ.

ಮಕ್ಕಳನ್ನು ಬೇರೆ ಬೇರೆಯಾಗಿ ಮಾತಾಡಿಸಿದೆ. ನಿದ್ದೆ, ಊಟ, ಶಾಲೆ, ಸ್ನೇಹಿತರು, ಎಲ್ಲ ವಿಚಾರಿಸಿದೆ. ಆತಂಕಪಡುವಂಥದ್ದು ಕಾಣಲಿಲ್ಲ. ಆಸಕ್ತಿಗೂ ಕೊರತೆ ಇರಲಿಲ್ಲ. ಹುಡುಗ ಬೀನ್ಸ್ ಬೀಜ ಮೊಳೆತಿದೆಯಾ ಅಂತ ದಿನಾ ಮಣ್ಣು ಕೆದಕಿ ನೋಡುತ್ತಿದ್ದನಂತೆ. ಅಪ್ಪನಿಗೆ ಅದು ಸರಿ ಕಾಣದೆ, ಬೀಜಗಳನ್ನು ತೆಗೆದು ತಾವೇ ಬೇರೆ ಕುಂಡಕ್ಕೆ ಹಾಕಿದರು. ಮಗ ನೀರು ಹಾಕಲು ಮರೆತ ದಿನ, ಅವನು ಮಲಗಿದ ಮೇಲೆ ತಾವೇ ಹಾಕುತ್ತಿದ್ದರು. ಬೆಳಿಗ್ಗೆ ಮಣ್ಣು ಒದ್ದೆ ಇದ್ದದ್ದನ್ನು ಹುಡುಗ ಗಮನಿಸಿದ್ದ. "ಅದು ನನ್ನ ಗಿಡ ಅಲ್ಲ, ಅಪ್ಪನ ಗಿಡ" ಅಂದ.

ಅಕ್ಕನ ಕಥೆ ಇನ್ನೊಂದು ಥರ. ಎಲೆಗೆ ಬಣ್ಣ ಬಳಿದು ಕಾಗದದ ಮೇಲೆ ಅಚ್ಚು ಒತ್ತಿದ್ದಳು. ಅಮ್ಮ ಅದನ್ನು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದರು. ಎಲ್ಲರೂ ಸೂಪರ್ ಅಂದರು. "ನನ್ನ ಕೇಳಲೇ ಇಲ್ಲ. ಆಮೇಲೆ ಮಾಡೋದೇ ಬೇಡ ಅನ್ನಿಸ್ತು" ಅಂದಳು.

ಇಬ್ಬರ ನೋವೂ ಒಂದೇ. ಕೆಲಸ ಮಕ್ಕಳದ್ದು, ಒಡೆತನ ದೊಡ್ಡವರದ್ದು. ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ 1840ರಲ್ಲಿ ಕಿಂಡರ್‌ಗಾರ್ಟನ್ ಶುರು ಮಾಡಿದಾಗ, ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿಯ ಜೊತೆಗೆ ಪ್ರತಿ ಮಗುವಿಗೂ ಅದರದ್ದೇ ಒಂದು ಪುಟ್ಟ ಪಾತಿ ಇರಬೇಕು ಅಂದುಕೊಂಡಿದ್ದ. ನನಗೆ ಆ ಎರಡನೆಯ ಪಾತಿಯೇ ಮುಖ್ಯ ಅನ್ನಿಸುತ್ತದೆ. ತನ್ನದು ಅನ್ನುವುದೊಂದು ಇದ್ದರೆ ತಾನೇ ಮಗು ಅದನ್ನು ಇನ್ನೊಬ್ಬರಿಗೆ ತೋರಿಸಲು ಓಡಿ ಬರುವುದು?

ಮೊದಲು ಗೋಡೆಯ ಮೇಲಿನ ಟೈಮ್‌ಟೇಬಲ್ ತೆಗೆಯಿರಿ ಅಂದೆ. ನಾಲ್ಕು ಜನಕ್ಕೆ ನಾಲ್ಕು ಕುಂಡ. ಕೇಳದೆ ಇನ್ನೊಬ್ಬರ ಕುಂಡ ಮುಟ್ಟುವಂತಿಲ್ಲ, ನೀರೂ ಹಾಕುವಂತಿಲ್ಲ. ಅಪ್ಪ ಒಪ್ಪಲಿಲ್ಲ. "ಕಣ್ಣೆದುರಿಗೇ ಒಣಗ್ತಾ ಇದ್ರೂ ಸುಮ್ನೆ ಇರಬೇಕಾ?" ಇರಬೇಕು ಅಂದೆ. ಮಗ ಅಳುತ್ತಾನೆ ಅನ್ನುವ ಭಯ ಅವರಿಗೆ. ಅತ್ತರೆ ಪಕ್ಕದಲ್ಲಿ ಕೂತುಕೊಳ್ಳಿ, ಕದ್ದು ನೀರು ಹಾಕಬೇಡಿ. ಅದಕ್ಕೇ ಮೂಲಂಗಿಯಿಂದ ಶುರು ಮಾಡಿಸಿದೆ. ಒಂದು ವಾರದೊಳಗೆ ಮೊಳೆಯುತ್ತದೆ, ಚಿಕ್ಕ ಜಾತಿಯದ್ದಾದರೆ ಸುಮಾರು ಒಂದು ತಿಂಗಳಿಗೆ ಕೀಳಲು ಬರುತ್ತದೆ. ಹೋದರೆ ಮತ್ತೆ ಬಿತ್ತಬಹುದು, ದೊಡ್ಡ ನಷ್ಟವಲ್ಲ. ಇನ್ನೊಂದು ಮಾತನ್ನೂ ಹೇಳಿದೆ: ಕುಂಡದ ಗಿಡಗಳು ನೀರು ಜಾಸ್ತಿಯಾಗಿಯೂ ಸಾಯುತ್ತವೆ. ಬೇರಿಗೆ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಬೇರು ಕೊಳೆಯುತ್ತದೆ. ಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡುವುದು, ಒಣಗಿದ್ದರೆ ಮಾತ್ರ ನೀರು. ಇದನ್ನು 7 ವರ್ಷದ ಮಗುವೂ ಚೆನ್ನಾಗಿ ಮಾಡುತ್ತದೆ.

ಮಣ್ಣು ಕೆದಕುವ ಚಾಳಿಯನ್ನು ಬಿಡಿಸುವುದು ಬೇಡ ಅಂದೆ. ಅದು ತಿಳಿದುಕೊಳ್ಳುವ ಆಸೆ. ಗಾಜಿನ ಲೋಟದ ಒಳಗೆ ಸುತ್ತಲೂ ಒದ್ದೆ ಟಿಶ್ಯೂ ಪೇಪರ್ ಒತ್ತಿ, ಗಾಜಿಗೂ ಕಾಗದಕ್ಕೂ ನಡುವೆ ಬೀನ್ಸ್ ಬೀಜ ಸಿಕ್ಕಿಸಿ ಕೊಡಿ. ಮೊದಲು ಬೇರು ಹೊರಬರುವುದನ್ನು ಅವನೇ ನೋಡಲಿ. ಬೇರು ಒಂದಿಷ್ಟು ಬೆಳೆದ ಮೇಲೆ ಲೋಟವನ್ನು ಅಡ್ಡ ಮಲಗಿಸಲಿ. ಅಪ್ಪನ ಪಾಲಿಗೆ ಒಂದೇ ಕೆಲಸ: ಏನಾಗುತ್ತೆ ಅಂತ ಹೇಳದೆ, "ಏನಾಗಬಹುದು?" ಅಂತ ಕೇಳುವುದು. ಮುಂದಿನ ಭೇಟಿಯಲ್ಲಿ ಹುಡುಗ ಬೆರಳನ್ನು ಕೊಕ್ಕೆಯ ಹಾಗೆ ಬಗ್ಗಿಸಿ ತೋರಿಸಿದ. "ಬೇರು ತಿರುಗಿ ಮತ್ತೆ ಕೆಳಗೇ ಹೋಯ್ತು. ಅಪ್ಪಂಗೆ ಗೊತ್ತೇ ಇರಲಿಲ್ಲ, ನಾನೇ ಹೇಳ್ಕೊಟ್ಟೆ." ಅಪ್ಪ ನಿಜವಾಗಿಯೂ ಅದನ್ನು ಹಿಂದೆ ನೋಡಿರಲಿಲ್ಲ. ಇಬ್ಬರೂ ಲೋಟವನ್ನು ಇನ್ನೊಂದು ಸಲ ತಿರುಗಿಸಿಟ್ಟು ಬಂದಿದ್ದರು.

ಮಗಳಿಗೆ ಮಣ್ಣು ಹಿಡಿಸುವುದಿಲ್ಲ, ಬಲವಂತ ಬೇಡ. ಬದಲಿಗೆ ಎಲೆ ಕುಟ್ಟುವ ಕೆಲಸ ಸೂಚಿಸಿದೆ. ಬಿಳಿ ಹತ್ತಿ ಬಟ್ಟೆಯ ಮೇಲೆ ಹಸಿ ಎಲೆ ಇಟ್ಟು, ಮೇಲೊಂದು ಕಾಗದ ಮುಚ್ಚಿ, ಸುತ್ತಿಗೆಯಿಂದ ಅಂಚಿನಿಂದ ಅಂಚಿಗೆ ಕುಟ್ಟುತ್ತಾ ಹೋದರೆ ರಸ ಬಟ್ಟೆಗೆ ಇಳಿದು ನರನರವೂ ಮೂಡುತ್ತದೆ. ಒಣಗಿದ ಎಲೆ ಆಗುವುದಿಲ್ಲ, ರಸ ಇರಬೇಕು. ಕಣಗಿಲೆಯಂಥ ವಿಷದ ಗಿಡ ಬೇಡ. ತೊಳೆದರೆ ಬಣ್ಣ ಮಾಸುತ್ತದೆ, ಅದನ್ನೂ ಮೊದಲೇ ಹೇಳಿಬಿಡಬೇಕು. ಅಮ್ಮ ಪಕ್ಕದಲ್ಲಿ ಕೂತು ತಮ್ಮದೇ ಬಟ್ಟೆ ಕುಟ್ಟಬೇಕು, ಮಗಳದ್ದನ್ನು ತಿದ್ದಬಾರದು. ಫೋಟೋ ಬೇಡವೇ ಬೇಡ. ಯಾರಿಗೆ ತೋರಿಸಬೇಕು ಅನ್ನುವುದು ಅವಳಿಗೆ ಬಿಟ್ಟದ್ದು.

ಈ ವಯಸ್ಸಿನ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು "ಏನಾಯ್ತು ಹೇಳು" ಅಂದರೆ ಬಾಯಿ ಬಿಡುವುದು ಕಷ್ಟ. ಕೈಗೆ ಕೆಲಸವಿದ್ದು, ಕಣ್ಣು ಬೇರೆ ಕಡೆ ಇದ್ದಾಗ ಮಾತು ತಾನಾಗಿ ಬರುತ್ತದೆ. ಇಲ್ಲೂ ಹಾಗೇ ಆಯಿತು. ಎಲೆ ಕುಟ್ಟುತ್ತಾ ಕುಟ್ಟುತ್ತಾ, ಗೆಳತಿ ತನ್ನನ್ನು ಬಿಟ್ಟು ಬೇರೆಯವರ ಜೊತೆ ಓಡಾಡುತ್ತಿರುವ ಸಂಗತಿ ಹೇಳಿಕೊಂಡಳು. ತಾಯಿ ಬುದ್ಧಿ ಹೇಳದೆ ಕೇಳಿಸಿಕೊಂಡರು. ಅದಕ್ಕಾಗಿ ಅವರನ್ನು ಮನಸಾರೆ ಮೆಚ್ಚಿದೆ.

ತಾಯಿ ಒಂದು ಅಧ್ಯಯನದ ಮಾತೆತ್ತಿದರು. 1984ರಲ್ಲಿ ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಪ್ರಕಟಿಸಿದ್ದು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಒಳ್ಳೆಯ ಅಧ್ಯಯನವೇ. ಆದರೆ ಅದು ರೋಗಿಗಳ ಚೇತರಿಕೆಯ ಬಗ್ಗೆ, ಅಪ್ಪ ಮಕ್ಕಳ ಸಂಬಂಧದ ಬಗ್ಗೆ ಅಲ್ಲ. ಗಿಡ ಸಾಕುವುದು ಔಷಧಿಯೂ ಅಲ್ಲ. ಮಗು ಎರಡು ವಾರಕ್ಕೂ ಹೆಚ್ಚು ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ವೈದ್ಯರನ್ನು ಕಾಣಿ. ಸಾಯುವ ಮಾತಾಡಿದರೆ ಅದೇ ದಿನ ಕರೆದುಕೊಂಡು ಹೋಗಿ. ಕುಂಡ ಆಮೇಲೆ. ಮಣ್ಣು ಮುಟ್ಟುವ ಮಕ್ಕಳಿಗೆ ಟೆಟನಸ್ ಲಸಿಕೆ ಆಗಿದೆಯಾ ಅಂತಲೂ ನೋಡಿಕೊಳ್ಳಿ.

ಪರೀಕ್ಷೆ ಹತ್ತಿರ ಬಂದಾಗ ಮಗಳು ತನ್ನ ಕುಂಡ ಬೇಡ ಅಂದಳು. ಮತ್ತೆ ಮೊದಲಿನ ಹಾಗೆ ಆಗುತ್ತೇನೋ ಅಂತ ತಾಯಿಗೆ ಗಾಬರಿ. ಖಾಲಿ ಇಡಬೇಕೋ, ಯಾರಿಗಾದರೂ ಕೊಡಬೇಕೋ, ಅವಳನ್ನೇ ಕೇಳಿ ಅಂದೆ. ತಮ್ಮನಿಗೆ ಕೊಟ್ಟಿದ್ದಾಳಂತೆ, ಬಟ್ಟೆ ಕೆಲಸ ಬಿಟ್ಟಿಲ್ಲ. ಫೋನಿನ ವಿಷಯ ಇನ್ನೂ ಬಗೆಹರಿದಿಲ್ಲ. ಅದನ್ನು ಮುಂದಿನ ಭೇಟಿಯಲ್ಲಿ, ದೊಡ್ಡವರಿಬ್ಬರ ಫೋನಿನಿಂದಲೇ ಶುರು ಮಾಡುವುದು ಅಂತ ಮಾತಾಗಿದೆ.