ಮಗ ಪರೀಕ್ಷೆಯಲ್ಲಿ ಏನು ಬರೆಯಬೇಕು?

ಓದುಗರ ಪತ್ರ: “ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ಕೆಲಸ. ಮಗ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದಾನೆ. ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ಬಂದಿದೆ. ನಮ್ಮ ಪಾಸ್ಟರ್ ಪ್ರಸಂಗದಲ್ಲಿ, ಡಾರ್ವಿನ್ನನನ್ನು ನಂಬಿದವನು ಬೈಬಲ್ಲಿನಲ್ಲಿ ಸೃಷ್ಟಿಯ ಕಥೆ ಇರುವ ಆದಿಕಾಂಡವನ್ನು ಹರಿದು ಹಾಕಿದ ಹಾಗೆ, ಮಾರ್ಕ್ಸಿಗೋಸ್ಕರ ಬರೆಯಿರಿ, ನಂಬಬೇಡಿ ಎಂದರು. ಮಗ ಮನೆಗೆ ಬಂದು, ‘ನಂಬದೆ ಬರೆದರೆ ಅದು ಸುಳ್ಳು ಅಲ್ವಾ ಅಮ್ಮ?’ ಎಂದ. ಮೂರು ವಾರದಿಂದ ಚರ್ಚಿಗೆ ಬಂದಿಲ್ಲ. ನಾನು ಏಳನೇ ಕ್ಲಾಸು ಓದಿದವಳು. ಅವನಿಗೆ ಏನು ಹೇಳಲಿ? ನೀವೂ ವಿಶ್ವಾಸಿಗಳು ಎಂದು ಕೇಳಿದ್ದೇನೆ. ನನ್ನ ಹೆಸರು ಹಾಕಬೇಡಿ.”

ಪ್ರಿಯ ಸಹೋದರಿಗೆ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ನಾಲ್ಕು ಸಾಲು ಬರೆದು ಮುಗಿಸುವ ಮಾತಲ್ಲ ಇದು ಅನ್ನಿಸಿತು. ಅದಕ್ಕೆ ಈ ತಿಂಗಳು ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಹೌದು, ನಾನೂ ವಿಶ್ವಾಸಿಯೇ. ನಮ್ಮ ತಂದೆ ಸಭೆಯ ಹಿರಿಯರಾಗಿದ್ದರು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹಾಗಾಗಿ ಈ ಉತ್ತರದಲ್ಲಿ ಸತ್ಯವೇದವೂ (ಅಂದರೆ ಬೈಬಲ್) ಬರುತ್ತದೆ, ಹುಳುಮನೆಯೂ ಬರುತ್ತದೆ.

ಮೊದಲು ಮಗನ ಪ್ರಶ್ನೆ. ನಂಬದೆ ಬರೆದರೆ ಸುಳ್ಳು ಅಲ್ವಾ ಎಂದು ಕೇಳಿದ್ದಾನೆ. ಹೌದು, ಸುಳ್ಳೇ. ಸುಳ್ಳಾಡಬಾರದು ಎಂದು ಅವನಿಗೆ ಕಲಿಸಿದ್ದು ನೀವು, ನಿಮ್ಮ ಸಂಡೇ ಸ್ಕೂಲು. ಕಲಿತದ್ದನ್ನು ಅವನು ಮರೆತಿಲ್ಲ. ಅಂಥ ಹುಡುಗ ವಿಶ್ವಾಸ ಬಿಟ್ಟ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ನಾನು ಹೇಳುವುದು ಇಷ್ಟು: ಪಾಠದಲ್ಲಿ ಇರುವುದು, ಅಂದರೆ ಜೀವಿಗಳೆಲ್ಲ ಒಂದೇ ಮೂಲದಿಂದ ಬಹಳ ಕಾಲ ಬದಲಾಗುತ್ತಾ ಬಂದವು ಎಂದು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ವಿಜ್ಞಾನಿ ಡಾರ್ವಿನ್ ಹೇಳಿದ್ದು, ನಿಜ. ಅವನು ಅದನ್ನು ನಂಬಿಯೇ ಬರೆಯಲಿ. ಭಾನುವಾರ ಬಂದು, ಭೂಮಿ ಆಕಾಶಗಳ ಸೃಷ್ಟಿಕರ್ತನನ್ನು ನಂಬುತ್ತೇನೆ ಎಂದು ಎಲ್ಲರ ಜೊತೆ ಎದ್ದು ನಿಂತು ಹೇಳಲಿ. ಇದಕ್ಕೆ ಎರಡು ನಾಲಿಗೆ ಬೇಕಾಗಿಲ್ಲ.

ಮನುಷ್ಯ ಮಂಗನಿಂದ ಹುಟ್ಟಿದ ಎಂದು ಡಾರ್ವಿನ್ ಹೇಳಿದ ಅನ್ನುತ್ತಾರಲ್ಲ, ಆ ಮಾತೇ ತಪ್ಪು. ನಂದಿಬೆಟ್ಟದಲ್ಲಿ ನಿಮ್ಮ ಕೈಯಿಂದ ಕಡಲೆಕಾಯಿ ಕಿತ್ತುಕೊಂಡು ಓಡುವ ಕೋತಿ ನಮ್ಮ ತಾತ ಅಲ್ಲ, ಬಹಳ ದೂರದ ದಾಯಾದಿ. ಕೋಟಿಗಟ್ಟಲೆ ವರ್ಷದ ಹಿಂದೆ ಎರಡು ಕುಲಕ್ಕೂ ಮೂಲ ಒಂದೇ ಇತ್ತು. ಒಂದೇ ಅಜ್ಜಿಯ ಮಕ್ಕಳಲ್ಲಿ ಒಬ್ಬರು ಚಿಕ್ಕಬಳ್ಳಾಪುರದಲ್ಲಿ ಉಳಿದು, ಇನ್ನೊಬ್ಬರು ಬಾಗೇಪಲ್ಲಿಗೆ ಹೋಗಿ, ನಾಲ್ಕು ತಲೆಮಾರಿಗೆ ಇವರ ಮನೆಮಾತು ಕನ್ನಡ, ಅವರದು ತೆಲುಗು ಆಗುತ್ತದಲ್ಲ, ಹಾಗೆ.

ಜೀವಿ ಅಷ್ಟೊಂದು ಬದಲಾಗುತ್ತದೆಯೇ ಎಂದರೆ ಹುಳು ಗೂಡು ಕಟ್ಟುವ ನಿಮ್ಮ ಚಂದ್ರಿಕೆಯನ್ನೇ ನೋಡಿ. ಚಿಕ್ಕವನಿದ್ದಾಗ ಅಪ್ಪ ಮಾರ್ಕೆಟ್ಟಿಗೆ ಹೊರಟ ಗೂಡಿನಲ್ಲಿ ನಾಲ್ಕನ್ನು ನನಗೆ ಕೊಡುತ್ತಿದ್ದರು. ಕೆಲವು ದಿನಕ್ಕೆ ಗೂಡಿನ ತುದಿ ಒದ್ದೆಯಾಗುತ್ತಿತ್ತು. ಚಿಟ್ಟೆ ತಲೆ ಹೊರಗೆ ಹಾಕುತ್ತಿತ್ತು. ರೆಕ್ಕೆ ಪಟಪಟ ಬಡಿಯುತ್ತಿತ್ತು, ಹಾರುತ್ತಿರಲಿಲ್ಲ. ಅಂಗೈ ಮೇಲಿಟ್ಟು ಮೇಲಕ್ಕೆ ತೂರಿದರೂ ಸುಮ್ನೆ ನೆಲಕ್ಕೆ ಬೀಳುತ್ತಿತ್ತು. ಹಾರಲ್ಲ ಅಂದ ಮೇಲೆ ರೆಕ್ಕೆ ಯಾಕಪ್ಪಾ ಎಂದು ಕೇಳಿದ್ದೆ. “ಇದರ ಮುತ್ತಾತ ಹಾರ್ತಿದ್ದನೇನೋ” ಎಂದು ಅಪ್ಪ ನಕ್ಕರು. ಅವರು ಹೇಳಿದ್ದೇ ನಿಜ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ರೇಷ್ಮೆ ಹುಳುವಿನ ಕಾಡು ಸಂಬಂಧಿ ಚೀನಾದಲ್ಲಿ ಇವತ್ತಿಗೂ ಇದೆ, ಅದು ಚೆನ್ನಾಗಿ ಹಾರುತ್ತದೆ. ಅದೇ ಕುಲವನ್ನು ಜನ ಸುಮಾರು 5000 ವರ್ಷ ಮನೆಯಲ್ಲಿ ಸಾಕಿದರು. ಒಳ್ಳೆಯ ಗೂಡು ಕಟ್ಟಿದ್ದನ್ನೇ ಬೀಜಕ್ಕೆ ಇಟ್ಟುಕೊಂಡರು. ಹಾರುವ ಶಕ್ತಿ ಹೋಯಿತು, ಗೂಡು ದಪ್ಪವಾಯಿತು. ನಮ್ಮ ಹಳದಿ ಗೂಡಿನ ಮೈಸೂರು ತಳಿ, ಬಿಳಿ ಗೂಡಿನ ದ್ವಿತಳಿ, ಎಲ್ಲ ಅದೇ ಸಂತಾನ. ಡಾರ್ವಿನ್ ಕೂಡ 1868ರ ತಮ್ಮ ಪುಸ್ತಕದಲ್ಲಿ ರೇಷ್ಮೆ ಹುಳುವಿನ ಬಗ್ಗೆ ಬರೆದಿದ್ದಾರೆ. ಮನೆಯಲ್ಲಿ ಆರಿಸುವವನು ಮನುಷ್ಯ. ಕಾಡಿನಲ್ಲಿ ಹಸಿವು, ರೋಗ, ಶತ್ರು ಆರಿಸುತ್ತವೆ. ಅಷ್ಟೇ ವ್ಯತ್ಯಾಸ.

ಅಷ್ಟು ಕಾಲ ಎಲ್ಲಿತ್ತು ಎಂದು ಕೇಳುವವರಿಗೆ ನಂದಿಬೆಟ್ಟವನ್ನೇ ತೋರಿಸಬೇಕು. ಆ ಬಂಡೆಗೆ ಸುಮಾರು 250 ಕೋಟಿ ವರ್ಷ. ಇಂಥ ಬಂಡೆಯೊಳಗಿನ ಸಣ್ಣ ಹರಳುಗಳಲ್ಲಿ ಯುರೇನಿಯಂ ಒಂದೇ ಗತಿಯಲ್ಲಿ ಸೀಸವಾಗುತ್ತಾ ಹೋಗುತ್ತದೆ. ಎಷ್ಟು ಸೀಸವಾಗಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ಭೂಮಿಗೆ 6000 ವರ್ಷ ಎಂಬ ಮಾತು ಸತ್ಯವೇದದ ಯಾವ ವಚನದಲ್ಲೂ ಇಲ್ಲ. ಅದು ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಹಾಕಿದ ಲೆಕ್ಕ. ವಂಶಾವಳಿಗಳ ವರ್ಷ ಕೂಡಿಸಿ ಸೃಷ್ಟಿ ಕ್ರಿ.ಪೂ. 4004ರಲ್ಲಿ ಆಯಿತು ಎಂದರು. ಇಂಗ್ಲಿಷ್ ಬೈಬಲ್ಲಿನ ಅಂಚಿನಲ್ಲಿ ಅದನ್ನು ಅಚ್ಚು ಹಾಕಿದರು. ಅಂಚಿನಲ್ಲಿ ಇದ್ದದ್ದನ್ನು ಜನ ವಚನದ ಹಾಗೆಯೇ ನಂಬಿದರು.

ಅಚ್ಚಿನ ಮಾತು ಬಂತಲ್ಲ, ನನ್ನ ಮನಸ್ಸಿಗೆ ನಾಟಿದ ಸಾಕ್ಷಿ ಅಲ್ಲಿಂದಲೇ ಬಂದದ್ದು. ನಾನು ಈ ಕೆಲಸಕ್ಕೆ ಸೇರಿದಾಗ ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲ. ಒಮ್ಮೆ ಎರಡು ಬೇರೆ ಪ್ರೆಸ್ಸುಗಳ ಹಾಡಿನ ಪುಸ್ತಕ ಕೈಗೆ ಬಂದವು. ಎರಡರಲ್ಲೂ ಒಂದೇ ಹಾಡಿನ ಒಂದೇ ಸಾಲಿನಲ್ಲಿ ‘ಕರುಣೆ’ ಅನ್ನುವುದು ‘ಕರುಳೆ’ ಎಂದಾಗಿತ್ತು. ಮೊಳೆ ಜೋಡಿಸುವ ನಮ್ಮ ಹಿರಿಯ ಕಂಪೋಸಿಟರ್ ನೋಡಿದ ಕೂಡಲೇ, ಎರಡೂ ಒಂದೇ ಹಳೇ ಪ್ರತಿ ನೋಡಿ ಜೋಡಿಸಿದ್ದು ಎಂದರು. ಈಗ ಇದನ್ನು ಕೇಳಿ. ಕುರಿ, ಮೇಕೆ, ನಾಯಿ ವಿಟಮಿನ್ ಸಿ ಅನ್ನು ತಮ್ಮ ಮೈಯೊಳಗೇ ಮಾಡಿಕೊಳ್ಳುತ್ತವೆ. ನಮಗೆ ನೆಲ್ಲಿಕಾಯಿ, ನಿಂಬೆ, ಸೀಬೆ ತಿಂದೇ ಆಗಬೇಕು. ಆದರೆ ಅದನ್ನು ಮಾಡುವ ಜೀನ್, ಅಂದರೆ ಹೆತ್ತವರಿಂದ ಮಕ್ಕಳಿಗೆ ಬರುವ ಸೂಚನೆ, ನಮ್ಮಲ್ಲಿ ಇಲ್ಲವೆಂದಲ್ಲ. ಇದೆ, ಕೆಟ್ಟು ಹೋಗಿದೆ. ಚಿಂಪಾಂಜಿಯಲ್ಲೂ ಕೋತಿಯಲ್ಲೂ ಅದೇ ಜೀನ್ ಕೆಟ್ಟು ಕೂತಿದೆ. ಚಿಂಪಾಂಜಿಯದನ್ನೂ ನಮ್ಮದನ್ನೂ ಪಕ್ಕಪಕ್ಕ ಇಟ್ಟರೆ ಕೆಟ್ಟ ಜಾಗಗಳೂ ಹೊಂದುತ್ತವೆ. ಇದನ್ನು ಓದಿದ ದಿನ ಆ ಕಂಪೋಸಿಟರ್ ಮಾತು ನೆನಪಾಯಿತು. ಅಲ್ಲಿಗೆ ನನ್ನ ಮಟ್ಟಿಗೆ ವಾದ ಮುಗಿಯಿತು.

ಹಾಗಾದರೆ ಆದಿಕಾಂಡ ಸುಳ್ಳಾ? ಇಲ್ಲ. ಇವತ್ತು ಸಂಜೆ ಮಗನ ಜೊತೆ ಕೂತು ಮೊದಲ ಎರಡು ಅಧ್ಯಾಯ ನಿಧಾನವಾಗಿ ಓದಿ. ಸೂರ್ಯ ಬರುವುದು ನಾಲ್ಕನೇ ದಿನ. ಅದಕ್ಕೆ ಮೊದಲೇ ಮೂರು ಸಾಯಂಕಾಲ, ಮೂರು ಪ್ರಾತಃಕಾಲ ಆಗಿಬಿಟ್ಟಿವೆ. ಮೊದಲ ಅಧ್ಯಾಯದಲ್ಲಿ ಪ್ರಾಣಿಗಳು ಮುಂಚೆ, ಮನುಷ್ಯ ಆಮೇಲೆ. ಎರಡನೆಯದರಲ್ಲಿ ಮನುಷ್ಯ ಮುಂಚೆ, ಪ್ರಾಣಿಗಳು ಆಮೇಲೆ. ಬರೆದಿಟ್ಟವರಿಗೆ ಇದು ಕಾಣಲಿಲ್ಲವೇ? ಕಂಡಿತ್ತು. ಕಂಡೂ ಎರಡನ್ನೂ ಪಕ್ಕಪಕ್ಕ ಇಟ್ಟರು. ಯಾಕೆಂದರೆ ಅವರು ಬರೆಯುತ್ತಿದ್ದದ್ದು ತಾರೀಖಿನ ಪಟ್ಟಿ ಅಲ್ಲ. ಸುತ್ತಲಿನ ರಾಜ್ಯಗಳೆಲ್ಲ ಸೂರ್ಯ ಚಂದ್ರರಿಗೆ ಕೈಮುಗಿಯುತ್ತಿದ್ದವು. ಆದಿಕಾಂಡದ ಮೊದಲ ಅಧ್ಯಾಯ ಅವುಗಳ ಹೆಸರನ್ನೂ ಎತ್ತುವುದಿಲ್ಲ. ಒಂದು ದೊಡ್ಡ ದೀಪ, ಒಂದು ಚಿಕ್ಕ ದೀಪ, ದೇವರು ತೂಗುಹಾಕಿದ್ದು ಎನ್ನುತ್ತದೆ. ಇಲ್ಲಿರುವುದೆಲ್ಲ ಒಬ್ಬನದು, ಅವನು ಅದನ್ನು ಒಳ್ಳೆಯದೆಂದು ನೋಡಿದ. ಆ ಅಧ್ಯಾಯ ಹೇಳುವುದು ಇದನ್ನು. ಇದಕ್ಕಿಂತ ದೊಡ್ಡ ಮಾತು ಯಾವುದಿದೆ?

ಒಂದು ದಿನ ಅಂದರೆ ಇಷ್ಟು ಕೋಟಿ ವರ್ಷ ಎಂದು ಜಗ್ಗಿ ಹೊಂದಿಸುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ಸೂರ್ಯನಿಗಿಂತ ಮುಂಚೆ ಹುಟ್ಟಿದ ಗಿಡಗಳು ಕೋಟಿ ವರ್ಷ ಕತ್ತಲಲ್ಲಿ ಬದುಕಿದವೇ? ವಿಜ್ಞಾನಕ್ಕೂ ಅನ್ಯಾಯ, ವಚನಕ್ಕೂ ಅನ್ಯಾಯ.

ಆದಿಕಾಂಡವನ್ನು ತಾರೀಖಿನ ಪಟ್ಟಿಯಾಗಿ ನೋಡದೆ ಓದುವುದು ಡಾರ್ವಿನ್‌ಗೆ ಹೆದರಿ ಕಂಡುಕೊಂಡ ದಾರಿಯೂ ಅಲ್ಲ. ಮೂರನೇ ಶತಮಾನದ ಒರಿಜೆನ್ ಎಂಬ ಕ್ರೈಸ್ತ ಪಂಡಿತರೇ ಸೂರ್ಯನಿಲ್ಲದೆ ಮೂರು ದಿನ ಹೇಗೆ ಆಯಿತು ಎಂದು ಕೇಳಿದ್ದಾರೆ. 430ರಲ್ಲಿ ತೀರಿಕೊಂಡ ಸಂತ ಅಗಸ್ಟೀನ್, ಆ ದಿನಗಳು ನಮ್ಮ ದಿನಗಳ ಹಾಗಲ್ಲ ಎಂದು ಬರೆದರು. ಇನ್ನೂ ಒಂದು ಎಚ್ಚರಿಕೆ ಕೊಟ್ಟರು. ಭೂಮಿ ಆಕಾಶದ ವಿಷಯ ಚೆನ್ನಾಗಿ ತಿಳಿದ ಅವಿಶ್ವಾಸಿಯ ಮುಂದೆ ಕ್ರೈಸ್ತನೊಬ್ಬ ಗ್ರಂಥದ ಹೆಸರಲ್ಲಿ ತಪ್ಪುತಪ್ಪಾಗಿ ಮಾತಾಡಿದರೆ, ಆಮೇಲೆ ಸತ್ತವರು ಎದ್ದುಬರುವ ಪುನರುತ್ಥಾನದ ಮಾತನ್ನು ಅವನು ಹೇಗೆ ನಂಬಿಯಾನು ಎಂದು. ನಿಮ್ಮ ಮಗನ ಸಂಕಟವೇ ಇದು.

ನೀವು ಹೆತ್ತ ತಾಯಿ. ತಾಯಿಯ ಗರ್ಭದಲ್ಲಿ ನನ್ನನ್ನು ನೇಯ್ದವನು ನೀನೇ ಎಂದು ಸತ್ಯವೇದದ 139ನೇ ಕೀರ್ತನೆ ಹಾಡುತ್ತದೆ. ಮಗು ಒಂದು ಕಣದಿಂದ ಒಂಬತ್ತು ತಿಂಗಳು ಹೇಗೆ ಬೆಳೆಯುತ್ತದೆ ಎಂದು ಡಾಕ್ಟರು ಸ್ಕ್ಯಾನಿನಲ್ಲಿ ತೋರಿಸುತ್ತಾರೆ. ಸ್ಕ್ಯಾನ್ ನೋಡಿದ ಯಾವ ತಾಯಿಯಾದರೂ ಆ ಕೀರ್ತನೆ ಸುಳ್ಳು ಎಂದಿದ್ದಾಳೆಯೇ? ಸುಗ್ಗಿ ಹಬ್ಬದಲ್ಲಿ ರಾಗಿ ತೆನೆ, ಕುಂಬಳಕಾಯಿ ತಂದು ಚರ್ಚಿನಲ್ಲಿ ಇಡುತ್ತೇವೆ. ಗೊಬ್ಬರ ಹಾಕಿದ್ದು ನಾವು, ಮಳೆ ತಂದದ್ದು ಮೋಡ. ಆದರೂ ದೇವರಿಗೆ ಸ್ತೋತ್ರ ಹೇಳುತ್ತೇವೆ, ಮನಸಾರೆ. ಒಂಬತ್ತು ತಿಂಗಳಲ್ಲಿ ದೇವರ ಕೈ ಕಾಣುವವರಿಗೆ ಕೋಟಿ ವರ್ಷಗಳಲ್ಲಿ ಯಾಕೆ ಕಾಣಬಾರದು?

ಇನ್ನೊಂದು ವಿಷಯ ಮಗನಿಗೆ ಗೊತ್ತಿರಲಿ. ಅವನು ಓದುವ ಅನುವಂಶೀಯತೆಯ ಪಾಠದ ಮೆಂಡೆಲ್ ಒಬ್ಬ ಸನ್ಯಾಸಿ, ಮಠದ ತೋಟದಲ್ಲಿ ಬಟಾಣಿ ಬೆಳೆದವರು. ಅಮೆರಿಕದಲ್ಲಿ ಡಾರ್ವಿನ್ ಪರ ನಿಂತ ಸಸ್ಯವಿಜ್ಞಾನಿ ಏಸಾ ಗ್ರೇ ದೃಢ ಕ್ರೈಸ್ತರು. ದೇವರನ್ನು ನಂಬುವವನು ವಿಕಾಸವನ್ನೂ ಒಪ್ಪಬಹುದೇ ಎಂದು ಕೇಳಿದವರಿಗೆ 1879ರಲ್ಲಿ ಸ್ವತಃ ಡಾರ್ವಿನ್, ಅದರಲ್ಲಿ ಅನುಮಾನವೇ ಬೇಡ ಎಂದು ಬರೆದು ಗ್ರೇ ಹೆಸರು ಹೇಳಿದರು. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಎಂದರು. ಮನುಷ್ಯನ ಜೀನೋಮ್, ಅಂದರೆ ಜೀನುಗಳೆಲ್ಲ ಇರುವ ಪೂರ್ತಿ ಬರಹವನ್ನು, ಓದಿದ ಯೋಜನೆಯ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಕಾಲಿನ್ಸ್ ಪ್ರಾರ್ಥನೆ ಮಾಡುವ ಮನುಷ್ಯ.

ಆದರೆ ಎಲ್ಲ ಸಲೀಸು ಎಂದು ಹೇಳಿದರೆ ನಾನೂ ನಿಮ್ಮ ಮಗನಿಗೆ ಸುಳ್ಳು ಹೇಳಿದ ಹಾಗೆ. ನಿಜವಾದ ಕಷ್ಟ ಎಲ್ಲಿದೆ ಎಂದು ನಿಮಗೆ ಗೊತ್ತು. ನಿಮ್ಮ ಹುಳುಮನೆಗೆ ನೈಲಾನ್ ಪರದೆ ಯಾಕೆ ಕಟ್ಟಿದ್ದೀರಿ? ಊಜಿ ನೊಣಕ್ಕೆ. ಅದು ಹುಳುವಿನ ಮೈ ಮೇಲೆ ಒಂದು ಬಿಳಿ ಚುಕ್ಕೆಯಷ್ಟು ಮೊಟ್ಟೆ ಅಂಟಿಸಿ ಹೋಗುತ್ತದೆ. ಮರಿ ಒಡೆದು ಚರ್ಮ ಕೊರೆದು ಒಳಗೆ ಇಳಿಯುತ್ತದೆ, ಅಲ್ಲಿ ಕಪ್ಪು ಕಲೆ ಉಳಿಯುತ್ತದೆ. ಹುಳು ಇನ್ನೂ ಬದುಕಿ ಸೊಪ್ಪು ತಿನ್ನುತ್ತಿರುವಾಗಲೇ ಒಳಗಿನಿಂದ ಅದನ್ನು ತಿನ್ನುತ್ತದೆ. 1980ರಲ್ಲಿ ಅದು ನಮ್ಮ ರಾಜ್ಯಕ್ಕೆ ಬಂತು. ಪರದೆ ಗಿರದೆ ಗೊತ್ತಿಲ್ಲದ ಕಾಲ. ನಮ್ಮ ಮನೆಯಲ್ಲಿ ಒಂದು ಬೆಳೆ ಪೂರ್ತಿ ಹೋಯಿತು. ಹಣ್ಣಾಗುವ ಹೊತ್ತಿಗೆ ತಟ್ಟೆ ತಟ್ಟೆಯಲ್ಲಿ ಕಪ್ಪು ಕಲೆ. ಆ ರಾತ್ರಿ ಅಪ್ಪ ಊಟಕ್ಕೆ ಮುಂಚೆ ಎಂದಿನ ಹಾಗೆ ಕಣ್ಣು ಮುಚ್ಚಿದರು. ಬಹಳ ಹೊತ್ತು ಸುಮ್ಮನಿದ್ದರು. “ಕರ್ತನೇ, ಇದು ನನಗೆ ಅರ್ಥ ಆಗಲಿಲ್ಲ” ಎಂದರು. ಆಮೇಲೆ ಆಮೆನ್ ಎಂದರು.

ಡಾರ್ವಿನ್ ತಡೆದು ನಿಂತದ್ದೂ ಇಲ್ಲಿಯೇ. 1860ರಲ್ಲಿ ಅದೇ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ಜೀವಂತ ಹುಳುವಿನೊಳಗೆ ಮರಿ ಬೆಳೆಸುವ ಕಣಜದ ಜಾತಿಯೊಂದನ್ನು ಹೆಸರಿಸಿ, ಕರುಣೆಯುಳ್ಳ ದೇವರು ಬೇಕೆಂದೇ ಇದನ್ನು ಮಾಡಿದ ಎಂದು ನಂಬಲು ನನ್ನಿಂದಾಗದು ಎಂದರು. ಹತ್ತು ವರ್ಷದ ಮಗಳು ಆನಿಯನ್ನು 1851ರಲ್ಲಿ ಕಳೆದುಕೊಂಡ ತಂದೆ ಅವರು. ಅವರ ಆ ಮಾತನ್ನು ನಾನು ದೇವದೂಷಣೆ ಎಂದು ಯಾವತ್ತೂ ಓದಿಲ್ಲ.

ಆದರೆ ಒಂದು ನೋಡಿ. ಊಜಿಯನ್ನು ಡಾರ್ವಿನ್ ತಂದದ್ದಲ್ಲ. ಲೋಕ ಆರೇ ದಿನದಲ್ಲಿ ಆಯಿತು ಎಂದರೂ ಊಜಿ ಅಲ್ಲೇ ಇದೆ. ಆದಾಮನ ಪಾಪದಿಂದ ಪ್ರಾಣಿಗಳಿಗೂ ಸಾವು ಬಂತು ಎನ್ನುವವರಿದ್ದಾರೆ. ಮನುಷ್ಯ ಬರುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಒಂದು ಪ್ರಾಣಿ ಇನ್ನೊಂದನ್ನು ತಿಂದ ಗುರುತು ಕಲ್ಲಿನಲ್ಲಿ ಉಳಿದಿದೆ. 104ನೇ ಕೀರ್ತನೆಯಲ್ಲಂತೂ ಸಿಂಹದ ಮರಿಗಳು ಬೇಟೆಗಾಗಿ ಗರ್ಜಿಸಿ ದೇವರ ಹತ್ತಿರವೇ ಆಹಾರ ಕೇಳುತ್ತವೆ. ಸೃಷ್ಟಿಯೆಲ್ಲ ಹೆರಿಗೆ ನೋವಿನಲ್ಲಿ ನರಳುತ್ತಿದೆ ಎಂದು ಪೌಲನು ರೋಮಾಪುರದವರಿಗೆ ಬರೆದ. ಹೆರಿಗೆ ನೋವು ಅಂದ, ಸಾವಿನ ನೋವು ಅನ್ನಲಿಲ್ಲ. ನಾನು ಹಿಡಿದುಕೊಂಡಿರುವುದು ಆ ಮಾತನ್ನು. ಜೊತೆಗೆ, ಆ ನೋವಿನ ಹೊರಗೆ ನಿಂತು ನೋಡದೆ ತಾನೇ ಶಿಲುಬೆ ಹತ್ತಿದ ದೇವರನ್ನು.

ಆದಾಮನ ಬಗ್ಗೆ ಪಾಸ್ಟರ್ ಕೇಳಿಯೇ ಕೇಳುತ್ತಾರೆ. ಇಬ್ಬರೇ ಇಬ್ಬರಿಂದ ಮನುಷ್ಯಕುಲ ಎಂಬುದನ್ನು ಜೀನುಗಳು ಹೇಳುವುದಿಲ್ಲ. ನಮ್ಮ ಪೂರ್ವಿಕರು ಸಾವಿರಾರು ಜನರ ಗುಂಪಾಗಿದ್ದರು. ಹೀಬ್ರೂ ಮಾತಿನಲ್ಲಿ ಆದಾಮ್ ಅಂದರೆ ಮನುಷ್ಯ, ಆದಾಮಾ ಅಂದರೆ ನೆಲ. ಮಣ್ಣಿನವನು ಎಂದೇ ಹೆಸರು. ಕೊಟ್ಟದ್ದು ಸಾಲದೆ ಕೊಡದ್ದಕ್ಕೆ ಕೈ ಚಾಚಿ, ಸಿಕ್ಕಿಬಿದ್ದಾಗ ಹೆಂಡತಿಯ ಮೇಲೆ ಹೇಳುವ ಆ ಮನುಷ್ಯನಲ್ಲಿ ನಾನು ನನ್ನನ್ನೇ ಕಂಡಿದ್ದೇನೆ. ರಕ್ಷಣೆ ಬೇಕು ಅನ್ನಲು ನನಗೆ ಅಷ್ಟು ಸಾಕು. ಇದನ್ನು ಒಪ್ಪದ ಒಳ್ಳೆಯ ವಿಶ್ವಾಸಿಗಳು ಬಹಳ ಜನ ಇದ್ದಾರೆ.

ನಿಮ್ಮ ಪಾಸ್ಟರ್ ಜೊತೆ ಜಗಳಕ್ಕೆ ಹೋಗಬೇಡಿ. ಒಂದು ಎಳೆ ಎಳೆದರೆ ಬಟ್ಟೆಯೆಲ್ಲ ಬಿಚ್ಚಿ ಹೋದೀತು ಎಂಬ ಭಯ ಅವರದು. ಮಂದೆಯ ಮೇಲಿನ ಪ್ರೀತಿಯಿಂದ ಬಂದ ಭಯ. ಹಾಗೆಯೇ ಕಾಲೇಜಿನಲ್ಲಿ ಯಾರಾದರೂ, ವಿಕಾಸ ನಿಜವಾದ್ದರಿಂದ ದೇವರಿಲ್ಲ ಎಂದರೆ, ಅದು ಪಾಠದಲ್ಲಿ ಇಲ್ಲದ ಮಾತು ಎಂದು ಮಗನಿಗೆ ತಿಳಿದಿರಲಿ. 2023ರಲ್ಲಿ ಶಾಲಾ ಪಠ್ಯಪುಸ್ತಕ ಮಾಡುವ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನೇ ತೆಗೆಯಿತು. ಪಿಯುಸಿಯಲ್ಲಿ ಮಾತ್ರ ಉಳಿಯಿತು. ನನಗೆ ಅದು ತುಂಬ ಬೇಸರದ ವಿಷಯ. ಹದಿನೈದಕ್ಕೆ ಮನೆಯವರ ಜೊತೆ ಕೂತು ಕೇಳಬೇಕಾದ ಪ್ರಶ್ನೆ, ಹದಿನೇಳಕ್ಕೆ ಒಬ್ಬನೇ ಇದ್ದಾಗ ಎದುರಾಗುತ್ತದೆ.

ಈ ಪುಟವನ್ನು ಮಗನಿಗೆ ಕೊಡಿ. ಅವನಿಗೆ ಒಪ್ಪಿಗೆಯಾಗದ್ದು ಇದ್ದರೆ ನನಗೆ ಬರೆಯಲಿ, ಹಾಕುತ್ತೇನೆ. ಪಾಸ್ಟರ್ ಬರೆದರೂ ಇಷ್ಟೇ ಜಾಗ ಕೊಡುತ್ತೇನೆ. ಈ ಭಾನುವಾರ ಬಾ ಎಂದು ಒತ್ತಾಯ ಮಾಡಬೇಡಿ. ಶನಿವಾರ ರಾತ್ರಿ ನಿಮ್ಮ ಸೀರೆಗೆ ಇಸ್ತ್ರಿ ಮಾಡುವಾಗ ಅವನ ಶರ್ಟಿಗೂ ಮಾಡಿ, ಬೈಬಲ್ಲಿನ ಪಕ್ಕ ಇಟ್ಟಿರಿ.

— ಸಂಪಾದಕ