ಗುಲ್ಮ ತೆಗೆಸಿದ್ರೆ ಮಗುವಿನ ಇಮ್ಯೂನಿಟಿ ಹೋಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 7 ವರ್ಷ, ಅಪ್ಪನ ಕಡೆಯಿಂದ ಬಂದಿರೋ ಹೆರೆಡಿಟರಿ ಸ್ಫೆರೋಸೈಟೋಸಿಸ್ ಇದೆ. ಪದೇ ಪದೇ ರಕ್ತ ಹಾಕಿಸ್ಬೇಕು, ಕಣ್ಣು ಯಾವಾಗ್ಲೂ ಹಳದಿ. ಗುಲ್ಮ, ಅಂದ್ರೆ ಹೊಟ್ಟೆಯ ಎಡಗಡೆ ಇರೋ ಸ್ಪ್ಲೀನ್, ತೆಗೆಸಿ ಅಂದಿದಾರೆ, ಆದ್ರೆ ಆಮೇಲೆ ರೋಗ ತಡೆಯೋ ಶಕ್ತಿನೇ ಇರಲ್ಲ ಅಂತ ನಮ್ಮತ್ತೆ ಹೆದರ್ತಿದಾರೆ. ನಿಜಾನಾ?
– ಒಬ್ಬ ತಾಯಿ, ಮಂಗಳೂರು

ಉತ್ತರ: ನಿಮ್ಮತ್ತೆ ಹೆದರೋದ್ರಲ್ಲಿ ಅರ್ಥ ಇದೆ ಕಣಮ್ಮ, ಆದ್ರೆ ಪೂರ್ತಿ ಶಕ್ತಿ ಹೋಗಲ್ಲ. ಈ ಕಾಯಿಲೆಲಿ ಮಗಳ ಕೆಂಪು ರಕ್ತಕಣಗಳು ದುಂಡಗಿದ್ದು ಬಗ್ಗೋದಿಲ್ಲ, ಗುಲ್ಮದ ಸಣ್ಣ ಸಂದಿಗಳಲ್ಲಿ ನುಸುಳೋಕಾಗದೆ ಅಲ್ಲೇ ಸಿಕ್ಕಿ ನಾಶ ಆಗ್ತವೆ, ಅದಕ್ಕೇ ರಕ್ತ ಕಮ್ಮಿ ಮತ್ತೆ ಕಾಮಾಲೆ. ಗುಲ್ಮ ತೆಗೆದ್ರೆ ಕಣಗಳ ಆಕಾರ ಬದಲಾಗಲ್ಲ, ಆದ್ರೆ ಹೆಚ್ಚು ದಿನ ಬಾಳ್ತವೆ, ಹಿಮೋಗ್ಲೋಬಿನ್ ಏರುತ್ತೆ.

ಆದ್ರೆ ಅದೇ ಗುಲ್ಮ ರಕ್ತಕ್ಕೆ ಸೇರಿದ ಕೆಲವು ಬ್ಯಾಕ್ಟೀರಿಯಾನ ಹಿಡಿದು ಕೊಲ್ಲುತ್ತೆ, ಮುಖ್ಯವಾಗಿ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ ಅನ್ನೋ ಬ್ಯಾಕ್ಟೀರಿಯಾ), ಇವುಗಳ ಮೇಲೆ ಜಾರೋ ಕವಚ ಇರುತ್ತೆ, ಗುಲ್ಮ ಇಲ್ದಿದ್ರೆ ಬೇಗ ಸಿಗಲ್ಲ. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶುಮಾಕರ್ ಅನ್ನೋ ಸರ್ಜನ್‌ಗಳು ಇದೇ ಕಾಯಿಲೆಗೆ ಗುಲ್ಮ ತೆಗೆಸಿಕೊಂಡ ಕೂಸುಗಳಲ್ಲಿ ಭಯಂಕರ ಸೋಂಕು ಬಂದಿದ್ದನ್ನ ಬರೆದ್ರು. ಈಗ ಆದಷ್ಟು 5-6 ವರ್ಷ ಆಗೋವರೆಗೂ ಕಾಯೋದು ಅದಕ್ಕೇ, ನಿಮ್ಮ ಮಗಳು ಆ ವಯಸ್ಸು ದಾಟಿದಾಳೆ.

ಆಪರೇಷನ್ನಿಗೆ ಕನಿಷ್ಠ 2 ವಾರ ಮುಂಚೆ ಈ ಮೂರಕ್ಕೂ ಲಸಿಕೆ ಮುಗಿದಿರ್ಬೇಕು, ಹಿಂದೆ ಹಾಕಿಸಿರೋ ಕಾರ್ಡ್ ತಗೊಂಡೋಗಿ ಯಾವುದು ಬಾಕಿ ಅಂತ ಕೇಳಿ. ವರ್ಷ ವರ್ಷ ಫ್ಲೂ ಲಸಿಕೆನೂ ಬೇಕು. ಆಪರೇಷನ್ ಆದ್ಮೇಲೆ ದಿನಾ ಪೆನಿಸಿಲಿನ್ ಕೊಡ್ತಾರೆ, ಚೆನ್ನಾಗಿದಾಳಲ್ಲಾ ಅಂತ ನೀವಾಗೇ ನಿಲ್ಲಿಸ್ಬೇಡಿ.

ಎಲ್ಲಕ್ಕಿಂತ ಮುಖ್ಯ ಜ್ವರ. 38 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆ ನೋಡೋಣ ಅಂತ ಕೂರ್ಬೇಡಿ, ರಾತ್ರಿ ಎರಡು ಗಂಟೆ ಆದ್ರೂ ಆಸ್ಪತ್ರೆಗೆ ಹೋಗಿ, ಹೋದ ತಕ್ಷಣ ಗುಲ್ಮ ತೆಗೆದಿದೆ ಅಂತ ಹೇಳಿ, ಯಾಕಂದ್ರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ ಆಗ್ಬಹುದು, ಲಸಿಕೆ ಹಾಕಿಸಿದ್ರೂ ಈ ಅಪಾಯ ಸೊನ್ನೆ ಆಗಲ್ಲ. ಇದು ಸ್ಕೂಲ್ ಟೀಚರ್‌ಗೂ ಗೊತ್ತಿರ್ಲಿ. ನಿಮ್ಮೂರಲ್ಲಿ ಮಲೇರಿಯಾ ಇರೋದ್ರಿಂದ ರಕ್ತಪರೀಕ್ಷೆಲಿ ಅದನ್ನೂ ನೋಡಿಸಿ, ಗುಲ್ಮ ಇಲ್ಲದವರಿಗೆ ಅದು ಜೋರಾಗುತ್ತೆ. ನಾಯಿ ಕಚ್ಚಿದ್ರೆ ರೇಬಿಸ್ ಇಂಜೆಕ್ಷನ್ ಜೊತೆ ಆ್ಯಂಟಿಬಯೋಟಿಕ್ಕೂ ಬೇಕಾಗುತ್ತೆ.

ಸರ್ಜನ್ ಹತ್ರ ಎರಡು ವಿಷಯ ಕೇಳಿ: ಗುಲ್ಮದ ಒಂದು ಭಾಗ ಉಳಿಸೋಕಾಗುತ್ತಾ, ಪಿತ್ತಕೋಶದಲ್ಲಿ ಕಲ್ಲಿದೆಯಾ. ಕಲ್ಲಿದ್ರೆ ಅದನ್ನೂ ಒಂದೇ ಸಲಕ್ಕೆ ಮುಗಿಸ್ಬಹುದು.