ಹಟ್ಟಿಯ ಹಾಡು, ಪಿಎಚ್.ಡಿ. ಪ್ರಬಂಧ, ಯುವಜನೋತ್ಸವ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ‘ಕರ್ನಾಟಕದ ಜನಪದ ಹಾಡುಗಳು: ಒಂದು ಸಾಂಸ್ಕೃತಿಕ ಅಧ್ಯಯನ’ ಎಂಬ ವಿಷಯ ತೆಗೆದುಕೊಂಡು ಹೋದರೆ ಮಾರ್ಗದರ್ಶಕರು ‘ತೀರಾ ದೊಡ್ಡದಾಯಿತು’ ಎಂದರು. ನನ್ನ ಆಸಕ್ತಿ ಇರುವುದು ಕಂಸಾಳೆಯಲ್ಲಿ. ವಿಷಯವನ್ನು ಹೇಗೆ ಕಟ್ಟಿಕೊಳ್ಳಲಿ? ಹಾಡುಗಾರರನ್ನು ರೆಕಾರ್ಡ್ ಮಾಡಿಕೊಳ್ಳುವಾಗ ಏನೇನು ನೋಡಿಕೊಳ್ಳಬೇಕು?
— ಸಂಶೋಧನಾರ್ಥಿ, ಮೈಸೂರು

ಉತ್ತರ: ನಿಮ್ಮ ಮಾರ್ಗದರ್ಶಕರು ಹೇಳಿದ್ದು ಸರಿ. ಒಂದು ಕಲೆ, ಒಂದು ತಾಲ್ಲೂಕು, ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಕಂಸಾಳೆ ಎಂಬ ಕಂಚಿನ ತಾಳ ಹಿಡಿದು ಹಾಡುವ ದೇವರಗುಡ್ಡರು ಮಲೆ ಮಹದೇಶ್ವರನ ಹೆಸರಿನಲ್ಲಿ ದೀಕ್ಷೆ ಪಡೆದವರು. ಅವರಿಗೆ ಅದು ಹರಕೆ, ಕಾಯಕ. ಅದೇ ಕಲೆ ಈಗ ಕಾಲೇಜು ವೇದಿಕೆಯಲ್ಲಿ ಹತ್ತು ನಿಮಿಷದ ಬೀಸು ಕಂಸಾಳೆ ಕುಣಿತವಾಗಿದೆ. ರಾತ್ರಿಯಿಡೀ ಹಾಡುವ ಮೇಳದ ಕಥನದಲ್ಲಿ ಯಾವ ಭಾಗ ವೇದಿಕೆಗೆ ಬರುತ್ತದೆ, ಯಾವುದು ಬಿದ್ದುಹೋಗುತ್ತದೆ, ಬಿಡಬೇಕಾದ್ದನ್ನು ಆಯ್ಕೆ ಮಾಡುವವರು ಯಾರು? ಹನೂರು ತಾಲ್ಲೂಕಿನ ಎರಡು ಮೂರು ಮೇಳಗಳನ್ನು ಇಟ್ಟುಕೊಂಡು ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರೂ ಒಳ್ಳೆಯ ಪ್ರಬಂಧವಾಗುತ್ತದೆ.

ಇದರ ಮೇಲೆ ಮೊದಲೇ ಕೆಲಸವಾಗಿದೆಯೇ ಎಂದು ಶೋಧಗಂಗಾ ಎಂಬ ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರದಲ್ಲಿ ಹುಡುಕಿ. ಕನ್ನಡ ಪ್ರಬಂಧಗಳ ಶೀರ್ಷಿಕೆ ಕೆಲವೆಡೆ ರೋಮನ್ ಲಿಪಿಯಲ್ಲಿ, ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ತುಂಬಿದ್ದಾರೆ. ಆದ್ದರಿಂದ ಕನ್ನಡದಲ್ಲೂ ರೋಮನ್‌ನಲ್ಲೂ ಹುಡುಕಿ, ಆಮೇಲೆ ವಿಶ್ವವಿದ್ಯಾಲಯ ಮತ್ತು ವಿಭಾಗದ ಪಟ್ಟಿ ತೆರೆದು ಕಣ್ಣಾಡಿಸಿ. ಪ್ರಬಂಧವನ್ನು ಗಣಕರೂಪದಲ್ಲಿ ಕೊಡಬೇಕೆಂಬ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮ ಬಂದದ್ದು 2009ರಲ್ಲಿ. ಅದಕ್ಕೂ ಹಿಂದಿನವು ಎಷ್ಟೋ ಸಲ ಗ್ರಂಥಾಲಯದ ಕಪಾಟಿನಲ್ಲಿ ಮಾತ್ರ ಸಿಗುತ್ತವೆ. ಮೈಸೂರಿನ ಮಾನಸಗಂಗೋತ್ರಿ, ಧಾರವಾಡ, ಹಂಪಿಯ ವಿಶ್ವವಿದ್ಯಾಲಯಗಳಿಗೆ ಖುದ್ದಾಗಿ ಹೋಗುವುದು ತಪ್ಪುವುದಿಲ್ಲ.

ಇನ್ನು ರೆಕಾರ್ಡಿಂಗ್. ಮೊಬೈಲ್ ಅನ್ನು ಎರಡನೆಯ ಸಾಧನವಾಗಿ ಇಟ್ಟುಕೊಳ್ಳಿ, ಮುಖ್ಯ ಧ್ವನಿ ಕೈರೆಕಾರ್ಡರಿನಲ್ಲಿರಲಿ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತ. ಸ್ಟೀರಿಯೊದಲ್ಲಿ ನಿಮಿಷಕ್ಕೆ ಸುಮಾರು 17 ಎಂ.ಬಿ., ಗಂಟೆಗೆ 1 ಜಿ.ಬಿ. ಚಿಲ್ಲರೆ. ಎಂಟು ಗಂಟೆಯ ಕಥನಕ್ಕೆ 32 ಜಿ.ಬಿ. ಕಾರ್ಡು ಧಾರಾಳವಾಯಿತು. ಕಂಸಾಳೆಯಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಕಂಚಿನ ತಟ್ಟೆ ಬಟ್ಟಲಿಗೆ ಬಡಿದಾಗ ಸದ್ದು ಒಮ್ಮೆಲೇ ಏರುತ್ತದೆ. ರೆಕಾರ್ಡರಿನ ಸ್ವಯಂಚಾಲಿತ ಮಟ್ಟವನ್ನು ಹಾಗೇ ಬಿಟ್ಟಿದ್ದರೆ ಪ್ರತಿ ಬಡಿತಕ್ಕೂ ಅದು ಧ್ವನಿಯನ್ನು ಅದುಮುತ್ತದೆ, ಹಾಡಿನ ಮಾತು ಅದರಡಿ ಹೂತುಹೋಗುತ್ತದೆ. ಅದನ್ನು ಆಫ್ ಮಾಡಿ, ಅತಿ ಜೋರಿನ ಬಡಿತವೂ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ದಾಟದಂತೆ ಕೈಯಾರೆ ಹೊಂದಿಸಿ. ಪ್ರತಿ ಕಡತದ ಮೊದಲಿಗೆ ದಿನಾಂಕ, ಊರು, ಹಾಡುಗಾರರ ಹೆಸರು, ಹಾಡಿನ ಭಾಗ ಹೇಳಿಬಿಡಿ. ಅದೇ ರಾತ್ರಿ ಎರಡು ಪ್ರತಿ ಮಾಡಿಡಿ.

ಒಪ್ಪಿಗೆಯ ವಿಚಾರಕ್ಕೆ ನಾವು ಹೆಚ್ಚು ಒತ್ತು ಕೊಡುತ್ತೇವೆ. ಪರಂಪರೆಯ ಹಾಡಿಗೆ ಕರ್ತೃ ಇಲ್ಲದಿರಬಹುದು, ಆದರೆ ಹಾಡಿದವರಿಗೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮು ಪ್ರದರ್ಶಕರಿಗೆ 50 ವರ್ಷದ ಹಕ್ಕು ಕೊಡುತ್ತದೆ. ‘ಪ್ರಬಂಧಕ್ಕೆ ಬಳಸಬಹುದೇ, ಪುಸ್ತಕ ಮಾಡಬಹುದೇ, ಅಂತರ್ಜಾಲಕ್ಕೆ ಹಾಕಬಹುದೇ’ ಎಂದು ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಸಹಿ ಹಾಕಲಾಗದವರಿಗೆ ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಅವರ ಮಾತನ್ನೇ ರೆಕಾರ್ಡ್ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಮೇಳಕ್ಕೆ ತಲುಪಲೇಬೇಕು. ಹಾಡು ಕೊಟ್ಟವರ ಮನೆಯಲ್ಲೇ ಆ ಹಾಡಿನ ಪ್ರತಿ ಇಲ್ಲದಿರುವುದು ನಮ್ಮ ಜಾನಪದ ಸಂಶೋಧನೆಯ ದೊಡ್ಡ ಕೊರತೆ.

ಧ್ವನಿಯನ್ನು ಬರಹಕ್ಕಿಳಿಸುವಾಗ ‘ಹೋಗವ್ನೆ’ ಎಂದಿದ್ದರೆ ‘ಹೋಗಿದ್ದಾನೆ’ ಎಂದು ತಿದ್ದಬೇಡಿ. ಒಂದು ಗಂಟೆಯ ಧ್ವನಿಯನ್ನು ಬರೆದಿಳಿಸಲು ಆರೇಳು ಗಂಟೆ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಂಡೇ ವೇಳಾಪಟ್ಟಿ ಮಾಡಿ. 2022ರ ಯುಜಿಸಿ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು. ಕೋರ್ಸ್‌ವರ್ಕ್ ಮುಗಿಯುವ ಹೊತ್ತಿಗೆ ಜಾತ್ರೆಯ ಕಾಲ ಕಳೆದುಹೋದರೆ ಮತ್ತೆ ಒಂದು ವರ್ಷ ಕಾಯಬೇಕಾಗುತ್ತದೆ, ಅದನ್ನೂ ನೆನಪಿಡಿ.

ಪ್ರಶ್ನೆ: ನಮ್ಮ ಕಾಲೇಜಿನ ಡೊಳ್ಳು ತಂಡ ಊರಲ್ಲಿ ಎಲ್ಲರ ಮೆಚ್ಚುಗೆ ಪಡೆಯುತ್ತದೆ. ಯುವಜನೋತ್ಸವದಲ್ಲಿ ಮಾತ್ರ ಅಂಕ ಬರುವುದಿಲ್ಲ. ತಪ್ಪು ಎಲ್ಲಿ?
— ಸಾಂಸ್ಕೃತಿಕ ಸಂಚಾಲಕರು, ಶಿವಮೊಗ್ಗ

ಉತ್ತರ: ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ನಿಯಮದಲ್ಲಿ ಜನಪದ ನೃತ್ಯಕ್ಕೆ ಗರಿಷ್ಠ 10 ಮಂದಿ ಕುಣಿಯುವವರು, 5 ಮಂದಿ ಹಿಮ್ಮೇಳದವರು, 10 ನಿಮಿಷ ಮೀರದ ಅವಧಿ. ನೃತ್ಯದ ವಸ್ತು ಮತ್ತು ಹಾಡಿನ ಪಠ್ಯವಿರುವ ಕಿರು ಟಿಪ್ಪಣಿಯ ಮೂರು ಪ್ರತಿಯನ್ನೂ ಕೊಡಬೇಕು. ಬಹಳ ತಂಡಗಳು ಸೋಲುವುದು ಈ ಟಿಪ್ಪಣಿಯಲ್ಲಿ. ‘ಡೊಳ್ಳು ಕರ್ನಾಟಕದ ಗಂಡುಕಲೆ’ ಎಂದು ಎರಡು ಸಾಲು ಗೀಚಿ ಕೊಟ್ಟರೆ ಬೇರೆ ರಾಜ್ಯದ ತೀರ್ಪುಗಾರರಿಗೆ ಏನೂ ತಿಳಿಯುವುದಿಲ್ಲ. ಬೀರೇಶ್ವರನ ಆರಾಧನೆಯ ನಂಟು, ಹಾಲುಮತ ಕುರುಬ ಸಮುದಾಯದಲ್ಲಿ ಇದರ ಸ್ಥಾನ, ನೀವು ಹಾಡುವ ಪದದ ಅರ್ಥ, ಯಾವ ಊರಿನ ಯಾವ ಹಿರಿಯರಿಂದ ಕಲಿತಿರಿ ಎಂಬುದು ಒಂದು ಪುಟದಲ್ಲಿರಲಿ. ನಿಮ್ಮ ಕನ್ನಡ ವಿಭಾಗದವರಿಂದ ಬರೆಸಿ. ಸಂಶೋಧನೆ ಮಾಡುವವರೂ ಕುಣಿಯುವವರೂ ಒಂದೇ ಆವರಣದಲ್ಲಿದ್ದು ಮಾತಾಡಿಕೊಳ್ಳದಿರುವುದು ಸರಿಯಲ್ಲ.

ಎರಡನೆಯದು ಸದ್ದು. ಊರ ಬಯಲಿನಲ್ಲಿ ಹತ್ತು ಡೊಳ್ಳು ಹಬ್ಬಿ ಕೇಳುತ್ತದೆ, ಮುಚ್ಚಿದ ಸಭಾಂಗಣದಲ್ಲಿ ಅದೇ ಸದ್ದು ಗೋಡೆಗೆ ಬಡಿದು ವಾಪಸು ಬಂದು ಪದವನ್ನು ನುಂಗುತ್ತದೆ. ಡೊಳ್ಳಿಗೆ ಮೈಕೇ ಬೇಡ. ಪಕ್ಕದಲ್ಲಿ ನಿಂತ ಹಾಡುಗಾರರಿಗೆ ಮಾತ್ರ ಮೈಕು ಕೊಡಿ, ಪದ ಹೇಳುವಾಗ ಬಡಿತ ಮೆಲ್ಲಗಾಗುವಂತೆ ಅಭ್ಯಾಸ ಮಾಡಿಸಿ. ಚರ್ಮ ತೇವಕ್ಕೆ ಸಡಿಲಾಗಿ ‘ಬದ್ ಬದ್’ ಎನ್ನುತ್ತದೆ. ಮಳೆಗಾಲದ ಉತ್ಸವವಾದರೆ ಹೊತ್ತಿಗೆ ಮುಂಚೆ ತಲುಪಿ, ಹದವಾಗಿ ಕಾಯಿಸಿ, ಹಗ್ಗ ಬಿಗಿದುಕೊಳ್ಳಿ. ಬೆಂಕಿಗೆ ತೀರಾ ಹತ್ತಿರ ಹಿಡಿದರೆ ಚರ್ಮ ಬಿರಿಯುತ್ತದೆ.

ಮೂರನೆಯದು ಕಸರತ್ತು. ಹೆಗಲ ಮೇಲೆ ಹತ್ತಿ ನಿಲ್ಲುವುದರಲ್ಲೇ ನಾಲ್ಕು ನಿಮಿಷ ಹೋದರೆ ಹೆಜ್ಜೆಗೆ, ವಿನ್ಯಾಸಕ್ಕೆ ಜಾಗವಿಲ್ಲ. ಹಲಗೆಯ ವೇದಿಕೆ ಪುಟಿಯುವುದರಿಂದ ಅಪಾಯವೂ ಹೌದು. ಒಂದು ಗೋಪುರ ಸಾಕು. ಅಭ್ಯಾಸದಲ್ಲಿ ಒಂಬತ್ತು ನಿಮಿಷಕ್ಕೆ ಮುಗಿಸಿ, ವೇದಿಕೆಯಲ್ಲಿ ಉಸಿರಾಡಲು ಒಂದು ನಿಮಿಷ ಉಳಿಯುತ್ತದೆ.

ಪ್ರಶ್ನೆ: ರಾಜ್ಯೋತ್ಸವಕ್ಕೆ ವಿದ್ಯಾರ್ಥಿಗಳು ಭೂತಕೋಲದ ದೃಶ್ಯ ಮಾಡುತ್ತೇವೆ ಎನ್ನುತ್ತಿದ್ದಾರೆ. ಬಿಡಬಹುದೇ?
— ಪ್ರಾಧ್ಯಾಪಕಿ, ಬೆಂಗಳೂರು

ಉತ್ತರ: ಬೇಡ. ತುಳುನಾಡಿನಲ್ಲಿ ಅದು ದೈವಾರಾಧನೆ. ಕೋಲ ಕಟ್ಟುವ ಹಕ್ಕು, ಕಾಲ, ಸ್ಥಳ ಎಲ್ಲಕ್ಕೂ ಕಟ್ಟಳೆ ಇದೆ, ವೇದಿಕೆಯ ಅನುಕರಣೆಗೆ ಅಲ್ಲಿನ ಜನರ ಆಕ್ಷೇಪವೂ ಇದೆ. ಕರಾವಳಿಯ ಕಲೆಯೇ ಬೇಕೆಂದರೆ ಯಕ್ಷಗಾನ ಇದೆಯಲ್ಲ. ಅದರ ಎರಡು ಶೈಲಿಗಳಲ್ಲಿ ತೆಂಕುತಿಟ್ಟೋ ಬಡಗುತಿಟ್ಟೋ ಮೊದಲು ನಿರ್ಧರಿಸಿ. ಎರಡರ ವೇಷ, ಚೆಂಡೆ, ಹೆಜ್ಜೆ ಬೆರೆಸಿದರೆ ಬಲ್ಲವರು ಮುಖ ತಿರುಗಿಸುತ್ತಾರೆ.

ಪ್ರಶ್ನೆ: ನನ್ನ ಕನ್ನಡ ಪ್ರಬಂಧಕ್ಕೆ ಕೃತಿಚೌರ್ಯ ತಪಾಸಣೆಯಲ್ಲಿ ಸೊನ್ನೆ ಪ್ರತಿಶತ ಬಂದಿದೆ. ಖುಷಿಪಡಬೇಕೇ? ಹಾಡುಗಳನ್ನೆಲ್ಲ ಉದ್ಧರಿಸಿದ್ದೇನೆ, ಹಾಗಾಗಿ ಅನುಮಾನ.
— ಸಂಶೋಧನಾರ್ಥಿ, ಕಲಬುರಗಿ

ಉತ್ತರ: ನಿಮ್ಮ ಅನುಮಾನ ಸರಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿರಬೇಕು. ಆ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಸಂಕೇತ. ತಪಾಸಣೆಯ ತಂತ್ರಾಂಶ ಅದನ್ನು ಕನ್ನಡವಾಗಿ ಓದುವುದೇ ಇಲ್ಲ. ಮುಂದೆ ಶೋಧಗಂಗಾಕ್ಕೆ ಹೋದಾಗ ನಿಮ್ಮ ಪ್ರಬಂಧದೊಳಗಿನ ಒಂದು ಪದವೂ ಹುಡುಕಿದರೆ ಸಿಗದು. ಕನ್ನಡಕ್ಕೆ ತನ್ನದೇ ಸಂಕೇತವಿರುವ ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತನೆಯಲ್ಲಿ ಮೊದಲು ಕೆಡುವುದು ಅರ್ಕಾವೊತ್ತು: ಹಳೆಯ ಫಾಂಟಿನಲ್ಲಿ ಅದು ವ್ಯಂಜನದ ನಂತರ ಬೀಳುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ‘ಕಾರ್ಯ’, ‘ವರ್ಷ’, ‘ಧರ್ಮ’ ಇಂಥ ಪದಗಳನ್ನು ಹುಡುಕಿ ನೋಡಿ, ಆಮೇಲೆ ಮೂರಕ್ಷರದ ಒತ್ತು, ಉದ್ಧರಣ ಚಿಹ್ನೆ, ಅಂಕಿ. ಮರುತಪಾಸಣೆ ಮಾಡಿಸಿ.

2018ರ ಯುಜಿಸಿ ನಿಯಮದ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿ ರದ್ದು. ಆಕರ ಹೇಳಿ ಉದ್ಧರಿಸಿದ್ದು ಈ ಲೆಕ್ಕಕ್ಕೆ ಸೇರದು. ಆದ್ದರಿಂದ ಪ್ರತಿ ಹಾಡನ್ನೂ ಉದ್ಧರಣ ಚಿಹ್ನೆಯೊಳಗೆ ಇಟ್ಟು, ಸಂಕಲನದ ಪುಟವನ್ನೋ ನಿಮ್ಮ ಧ್ವನಿ ಕಡತದ ಸಂಖ್ಯೆಯನ್ನೋ ಕೊಡಿ.

ಪ್ರಶ್ನೆ: ಅಜ್ಜನ ಕಾಲದ ಓಲೆಗರಿ ಕಟ್ಟೊಂದು ಅಟ್ಟದ ಮೇಲಿತ್ತು. ಎಣ್ಣೆ ಹಚ್ಚಿ ಇಡಲೇ? ವಿಶ್ವವಿದ್ಯಾಲಯಕ್ಕೆ ಕೊಟ್ಟರೆ ನಮಗೆ ವಾಪಸು ಬರುತ್ತದೆಯೇ?
— ಗೃಹಿಣಿ, ಹಾಸನ

ಉತ್ತರ: ಎಣ್ಣೆ ಈಗಲೇ ಬೇಡ. ನಿಂಬೆಹುಲ್ಲಿನ ಎಣ್ಣೆ ಬಳಸುವುದು ನಿಜ, ಆದರೆ ಯಾವ ಗರಿಗೆ, ಎಷ್ಟು ಎಂಬುದನ್ನು ಸಂರಕ್ಷಣೆ ಬಲ್ಲವರೇ ತೀರ್ಮಾನಿಸಬೇಕು. ಅಂಟಿಕೊಂಡ ಗರಿಗಳನ್ನು ಬಿಡಿಸಲು ಹೋಗಬೇಡಿ. ಮೆತ್ತನೆಯ ಒಣ ಕುಂಚದಿಂದ ದೂಳು ತೆಗೆದು, ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಎರಡು ಕಡೆ ಮರದ ಪಟ್ಟಿ ಇಟ್ಟು ಹಗುರವಾಗಿ ಕಟ್ಟಿ. ಪ್ಲಾಸ್ಟಿಕ್ ಚೀಲ, ಸೆಲ್ಲೋಟೇಪು, ಲ್ಯಾಮಿನೇಷನ್ ಯಾವುದೂ ಬೇಡ. ಬಿಸಿಲಿಗೆ ಇಡಬೇಡಿ. ಗರಿಗಳ ಅನುಕ್ರಮ ತಪ್ಪಿಸಬೇಡಿ. ಫೋಟೊ ತೆಗೆಯುವುದಾದರೆ ಫ್ಲಾಷ್ ಆರಿಸಿ, ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ. ಮಸಿ ಹೋಗಿದ್ದರೂ ಕಂಠದಿಂದ (ಗರಿಯ ಮೇಲೆ ಬರೆಯುವ ಲೋಹದ ಮೊನೆಕಡ್ಡಿ) ಕೊರೆದ ಗೆರೆ ಕಾಣಿಸುತ್ತದೆ.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ ಇಂಥವನ್ನು ಪರಿಶೀಲಿಸುತ್ತವೆ. ಕೌಟಿಲ್ಯನ ‘ಅರ್ಥಶಾಸ್ತ್ರ’ ಲೋಕಕ್ಕೆ ಮತ್ತೆ ಸಿಕ್ಕಿದ್ದು ಪಂಡಿತರೊಬ್ಬರು ಮೈಸೂರಿನ ಆ ಸಂಸ್ಥೆಗೆ ತಂದುಕೊಟ್ಟ ಓಲೆಗರಿಯಿಂದ. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು. ದಾನವಾಗಿ ಕೊಟ್ಟರೆ ವಾಪಸು ಬಾರದು. ಮೂಲ ನಿಮ್ಮಲ್ಲೇ ಉಳಿಯಬೇಕೆಂದರೆ ‘ಡಿಜಿಟಲ್ ಪ್ರತಿಗೆ ಮಾತ್ರ ಒಪ್ಪಿಗೆ’ ಎಂದು ಪತ್ರದಲ್ಲಿ ಬರೆದು, ಗರಿಗಳ ಸಂಖ್ಯೆ ನಮೂದಿಸಿ ಸ್ವೀಕೃತಿ ಪಡೆಯಿರಿ. ಮಾರಲು ಯಾರಾದರೂ ಮನೆ ಬಾಗಿಲಿಗೆ ಬಂದು ಕೇಳಿದರೆ ಕೊಡಬೇಡಿ: 75 ವರ್ಷ ಮೀರಿದ, ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯದ ಹಸ್ತಪ್ರತಿ 1972ರ ಕಾಯ್ದೆಯಡಿ ಪುರಾತನ ವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದಾಚೆ ಕಳಿಸುವಂತೆಯೂ ಇಲ್ಲ.